ಮೂರು ಸೋಫಾ, ಒಂದು ಮೊಳೆ

ನಾವಿರುವ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕರಾರುಪತ್ರದಲ್ಲೇ ಬರೆದಿದೆ. ಹಾಗಾಗಿ ನಮ್ಮ ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಗೋಡೆಗೊರಗಿ ಕೂತಿದೆ. ಏಕಾದಶಿ ಯಾವತ್ತೆಂದು ನೋಡಬೇಕಾದರೆ ಬಾಳೆಹಣ್ಣಿನ ಬುಟ್ಟಿ ಸರಿಸಬೇಕು. ಇಂಥ ನನಗೆ ರಾತ್ರಿ ಹತ್ತರ ಮೇಲೆ ಒಂದು ಬಂಗಲೆಯ ಉಸ್ತುವಾರಿ.

ಹೋಮ್‌ಸ್ಕೇಪ್ಸ್ ಎಂಬ ಮೊಬೈಲ್ ಆಟ ಅದು, 2017ರಲ್ಲಿ ಬಂದದ್ದು. ಆಸ್ಟಿನ್ ಎಂಬ ಬಟ್ಲರ್ ತಾನು ಬೆಳೆದ ಮನೆಗೆ ಮರಳಿ, ಹಾಳು ಸುರಿಯುತ್ತಿರುವ ಅದನ್ನು ದುರಸ್ತಿ ಮಾಡಿಸುತ್ತಾನೆ. ಮೇಸ್ತ್ರಿ ಬೇಡ, ಸಿಮೆಂಟಿನ ರೇಟು ಕೇಳುವ ಗೋಜಿಲ್ಲ. ಒಂದೇ ಬಗೆಯ ಮೂರು ತುಣುಕು ಸಾಲಿಗೆ ತಂದರೆ ಮಾಯ. ನಾಲ್ಕು ಸೇರಿದರೆ ರಾಕೆಟ್, ಆ ನಾಲ್ಕು ಚೌಕವಾಗಿ ಸೇರಿದರೆ ಕಾಗದದ ವಿಮಾನ. ಒಂದು ಹಂತ ಗೆದ್ದರೆ ಒಂದು ನಕ್ಷತ್ರ, ಅದನ್ನು ಕೊಟ್ಟರೆ ಮುರಿದದ್ದು ಕ್ಷಣದಲ್ಲಿ ಸರಿ. ನಮ್ಮ ಪ್ಲಂಬರು ಕೊಟ್ಟ "ನಾಳೆ ಬರ್ತೀನಿ ಸಾರ್"ಗಳನ್ನೆಲ್ಲ ನಕ್ಷತ್ರವಾಗಿಸಿದ್ದರೆ ಆಸ್ಟಿನ್ನನಿಗೆ ಇನ್ನೊಂದು ಮಹಡಿ ಏಳುತ್ತಿತ್ತು.

ನನ್ನನ್ನು ಸೆಳೆದ ಜಾಹೀರಾತಿನಲ್ಲಿ ಮಾತ್ರ ಅವನು ಅಪಾಯಕ್ಕೆ ಸಿಕ್ಕಿದ್ದ; ಪಿನ್ನುಗಳನ್ನೆಳೆದು ಕಾಪಾಡಬೇಕಿತ್ತು. ಆಟವೇ ಬೇರೆ, ಜಾಹೀರಾತೇ ಬೇರೆ ಎಂದು 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅಂಥವುಗಳಿಗೆ ತಡೆ ಹಾಕಿತು. "ಗಾಳಿ ಬೆಳಕು ಚೆನ್ನಾಗಿದೆ, ಇಪ್ಪತ್ನಾಲ್ಕು ಗಂಟೆ ನೀರು" ಎಂದು ಬಾಡಿಗೆ ಮನೆ ತೋರಿಸುವವರ ವಿಷಯ ಆ ಸಂಸ್ಥೆಯ ಗಮನಕ್ಕೆ ಬಂದಿಲ್ಲ.

ಇರಲಿ. ನನಗೆ ಹಿಡಿಸಿದ್ದು ಇನ್ನೊಂದು. ಸೋಫಾ ಹಾಕುವ ಮುಂಚೆ ಆಟ ಮೂರು ಬಗೆ ತೋರಿಸಿ, ಯಾವುದು ಬೇಕು ಎನ್ನುತ್ತದೆ. ಐವತ್ತೆರಡು ವರ್ಷದಲ್ಲಿ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಹುಟ್ಟಿದ ಮನೆಯ ಬಣ್ಣ ಅಜ್ಜ ಆರಿಸಿದ್ದು, ಈ ಮನೆಯದು ಮಾಲೀಕರು ಆರಿಸಿದ್ದು. ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಪೇಂಟಿಂಗ್ ದುಡ್ಡು ಮಾತ್ರ ನನ್ನದು. ಬಹಳ ಯೋಚಿಸಿ ನಡುವಿನ ಸೋಫಾ ಆರಿಸಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಅಲ್ಲಿ ಎಡಗಡೆಯದು ಕೂತಿದೆ.

"ಅದೇನ್ರೀ, ಆಸ್ಪತ್ರೆ ಬೆಂಚಿನ ಥರ ಇತ್ತು. ಬದಲಾಯಿಸಿದೆ" ಎಂದಳು ಹೆಂಡತಿ, ಒಗ್ಗರಣೆಗೆ ಸಾಸಿವೆ ಹಾಕುತ್ತಾ. ಸಾಮಾನಿನ ಮೇಲೆ ಬೆರಳೊತ್ತಿ ಹಿಡಿದರೆ ಬೇರೆಯದು ಹಾಕಬಹುದೆಂಬುದು ನನಗಿಂತ ಮೊದಲು ಅವಳಿಗೆ ಹೊಳೆದಿತ್ತು. ಅಮ್ಮ ಕನ್ನಡಕ ಏರಿಸಿ, "ಇಷ್ಟು ದೊಡ್ಡ ಮನೆ, ದೇವರ ಕೋಣೆ ಎಲ್ಲೋ?" ಎಂದಳು. ಊರಿಂದ ಬಂದ ಭಾವ, ಅಡುಗೆಮನೆ ಆಗ್ನೇಯಕ್ಕಿಲ್ಲ ಎಂದರು. ಅಲ್ಲಿ ಪೂರ್ವ ಯಾವ ಕಡೆ ಅಂತ ಹೇಗೆ ಗೊತ್ತಾಯಿತೋ!

ಆಟದಲ್ಲಿ ಐದೇ ಜೀವ. ಸೋತು ಕಳೆದುಕೊಂಡ ಒಂದೊಂದು ಮರಳಲೂ ಅರ್ಧ ಗಂಟೆ. ಈಗ ನಾನು ಆಡುತ್ತೇನೆ, ಸೋಲುತ್ತೇನೆ, ಕಾಯುತ್ತೇನೆ, ಹೇಗೋ ನಕ್ಷತ್ರ ತರುತ್ತೇನೆ. ಪರದೆ ಯಾವುದು, ನೆಲಹಾಸು ಯಾವುದು ಎಂದು ಅವರೆಲ್ಲ ಸೇರಿ ತೀರ್ಮಾನಿಸುತ್ತಾರೆ.

ಮೊನ್ನೆ ಧೈರ್ಯ ಮಾಡಿ ಮಾಲೀಕರಿಗೆ ಫೋನು ಮಾಡಿದೆ. ಒಂದೇ ಒಂದು ಮೊಳೆ, ಸಾರ್ ಎಂದೆ. ಎಲ್ಲಿಗೆ ಎಂದರು. ಮೂರು ಜಾಗ ಹೇಳಿ, ನೀವೇ ಒಂದು ಆರಿಸಿ ಎಂದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಕ್ಯಾಲೆಂಡರು ಫ್ರಿಜ್ಜಿನ ಮೇಲೇ ಇದೆ.