ಅಂಗಳಕ್ಕೊಂದು ಎನ್‌ಒಸಿ

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಎಷ್ಟು ನೀರು ನಿಲ್ಲಿಸಬಹುದು, ಎಷ್ಟು ಬಿಡಬೇಕು ಎಂದು ಮದ್ರಾಸಿನವರೊಂದಿಗೆ ಒಪ್ಪಂದವಾದದ್ದು 1924ರಲ್ಲಿ. ನಡುವಿನ 13 ವರ್ಷ ಮೈಸೂರಿನ ದಿವಾನರೂ ವಕೀಲರೂ ಕಾಗದ ಹೊತ್ತು ಅಲೆದರು. ಇತ್ತ ಗಾರೆಯವರು ತಮ್ಮ ಪಾಡಿಗೆ ಸುರ್ಕಿ ಅರೆದು ಕಲ್ಲು ಕೂರಿಸುತ್ತಲೇ ಇದ್ದರು. ಕೆಲಸ ಮೊದಲು, ಒಪ್ಪಿಗೆ ಆಮೇಲೆ. ಕಾವೇರಿಗೆ ಅಡ್ಡ ಕಟ್ಟೆ ಹಾಕುವವರಿಗೆ ಈ ಪದ್ಧತಿ ಸಾಕಾಯಿತು. ಮನೆ ಮುಂದೆ ಕಾರು ನಿಲ್ಲಿಸಲು ನಾಲ್ಕು ಸಾಲು ಇಂಟರ್‌ಲಾಕ್ ಟೈಲ್ಸ್ ಹಾಸಬೇಕೆಂದ ನನ್ನಂಥವನಿಗೆ ಸಾಲದು. ಅವನಿಗೆ ಬಡಾವಣೆಯ ಸಂಘದ ಎನ್‌ಒಸಿ ಬೇಕು.

ಶ್ರೀರಂಗಪಟ್ಟಣದಿಂದ ಕೆಆರ್‌ಎಸ್ ಕಡೆಗೆ, ಅಂದರೆ ಅದೇ ಕನ್ನಂಬಾಡಿ ಕಟ್ಟೆಯ ಕಡೆಗೆ, ಹೋಗುವಾಗ ಗಮನಿಸಿ. ನಾಲೆಯ ನೀರು ಕುಡಿದು ಬೆಳೆದ ಗದ್ದೆಗಳು ಒಂದೊಂದಾಗಿ ಸೈಟುಗಳಾಗಿವೆ. ಪ್ರತಿ ಬಡಾವಣೆಗೂ ಒಂದು ಕಮಾನು, ಕಮಾನಿನ ಮೇಲೆ ರಿವರ್ ವ್ಯೂ ಎಂಬಂಥದೊಂದು ಹೆಸರು, ಹೆಸರಿನ ಕೆಳಗೆ ಒಬ್ಬ ವಾಚ್‌ಮನ್. ನದಿ ಮಾತ್ರ ಕಾಣುವುದಿಲ್ಲ. ಸೈಟಿನ ಕಾಗದ ಕೇಳಿದರೆ ಪಂಚಾಯ್ತಿಯ ನಮೂನೆ 11ಬಿ ತೋರಿಸುತ್ತಾರೆ. ಅರ್ಥಾತ್, ಜಾಗ ಇದೆ, ಕಂದಾಯ ಕಟ್ಟುತ್ತೀರಿ, ಆದರೆ ನಿಮ್ಮ ಬಡಾವಣೆಗೆ ಅನುಮೋದನೆ ಇದೆ ಎಂದು ನಾವು ಹೇಳಿಲ್ಲ. ಇಂಥ ಬಡಾವಣೆಗೊಂದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ತನ್ನ ಇಡೀ ಬಡಾವಣೆಗೆ ಸಿಗದ ಅನುಮತಿಯನ್ನು ಈ ಸಂಘ ನಿಮ್ಮ ಅಂಗಳಕ್ಕೆ ಕೊಡಬೇಕು!

ನಮ್ಮ ಸಂಘದ ಅಧ್ಯಕ್ಷರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಆದರೆ ಕಡತದಿಂದಲ್ಲ. ಅರ್ಜಿ, ನಕ್ಷೆ, ಅಕ್ಕಪಕ್ಕದವರ ಸಹಿ, ಟೈಲ್ಸ್‌ನ ಮಾದರಿ, ಎಲ್ಲವೂ ಮೂರು ಪ್ರತಿ. ಬೂದು ಬಣ್ಣವೋ ಕೆಂಪೋ ಎಂಬುದರ ಮೇಲೆ ನಡೆದ ಚರ್ಚೆ ಕೇಳಿದ್ದರೆ ವಿಧಾನ ಪರಿಷತ್ತಿನವರೂ ನಾಚಬೇಕಿತ್ತು. ಜಿಗ್‌ಜ್ಯಾಗ್ ಮಾದರಿ ಹಾಕಿದರೆ ಮನೆಯ ಲಕ್ಷ್ಮಿಯೂ ಅಂಕುಡೊಂಕಾಗಿ ನಡೆದು ಹೊರಟುಹೋಗುತ್ತಾಳೆ ಎಂದರು ಖಜಾಂಚಿ. ಹಿಂದಿನ ಬೆಂಚಿನ ಮೇಷ್ಟ್ರೊಬ್ಬರು ಮಾತ್ರ, ‘ಎಲ್ಲರೂ ಹಿಂಗೇ ಮುಚ್ಕಂಡ್ರೆ ಮಳೆ ನೀರು ಎಲ್ಲಿಗೋಯ್ತದೆ?’ ಎಂದು ಕೇಳಿದರು. ಸಭೆಯಲ್ಲಿ ಬುದ್ಧಿ ಇದ್ದ ಪ್ರಶ್ನೆ ಅದೊಂದೇ ಆದ್ದರಿಂದ ಅದನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಆ ಮುಂದಿನ ಸಭೆ ಬರುವ ಮೊದಲೇ ಬೀದಿಗೆ ಕಾಂಕ್ರೀಟು ಬಂತು. ಹಳೇ ರಸ್ತೆ ಅಗೆಯಲಿಲ್ಲ, ಅದರ ಮೇಲೇ ಸುರಿದರು. ಚರಂಡಿಯ ಬಾಯಿ ಮುಚ್ಚಿತು, ಹೊಂಗೆ ಮರದ ಕುತ್ತಿಗೆಯವರೆಗೆ ಸಿಮೆಂಟು ಬಂತು, ಬೀದಿ ನಮ್ಮ ಹೊಸ್ತಿಲಿಗಿಂತ ಗೇಣು ಮೇಲೆ ನಿಂತಿತು. ಯಾರ ಸಹಿ, ಯಾವ ಮಾದರಿ, ಎಷ್ಟು ಪ್ರತಿ? ಯಾರೂ ಕೇಳಲಿಲ್ಲ. ಗುತ್ತಿಗೆದಾರರಿಗೆ ಹಾರ ಹಾಕಿದವರು ಅದೇ ಅಧ್ಯಕ್ಷರು. ಮೊದಲ ಮಳೆಗೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಅಧ್ಯಕ್ಷರದೇ ನಡುಮನೆಯಲ್ಲಿ ಸಿಕ್ಕಿತು.

ನಮಗಿಂತ ಪಾಪ ಶ್ರೀರಂಗಪಟ್ಟಣದ ಕೋಟೆಯೊಳಗಿನವರ ಪಾಡು. ಅವರಿಗೆ ಸಂಘದ ಕಾಟವಿಲ್ಲ, ಪ್ರಾಚ್ಯವಸ್ತು ಕಾಯ್ದೆಯೇ ಇದೆ. 1958ರ ಆ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಮನೆ ರಿಪೇರಿಗೂ ಅರ್ಜಿ ಹಾಕಬೇಕು. ಅರ್ಜಿ ಮುಂದೆ ಸಾಗಲು 15 ದಿನ, ಪ್ರಾಧಿಕಾರ ಯೋಚಿಸಲು 2 ತಿಂಗಳು, ಹೌದು ಅಥವಾ ಇಲ್ಲ ಎನ್ನಲು ಇನ್ನೊಂದು ತಿಂಗಳು. ತಾಳ್ಮೆ ತಪ್ಪಿ ನಿಷೇಧಿತ ಜಾಗದಲ್ಲಿ ಕಟ್ಟಿಬಿಟ್ಟರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹೊಸಹೊಳಲಿನ ಲಕ್ಷ್ಮೀನಾರಾಯಣನ, ನಾಗಮಂಗಲದ ಸೌಮ್ಯಕೇಶವನ ನೆರೆಹೊರೆಯವರಿಗೂ ಇದೇ ಭಾಗ್ಯ. ಸ್ಮಾರಕ ಉಳಿಯಬೇಕು, ತಕರಾರಿಲ್ಲ. ಆದರೆ ರೈಲಿಗೆ ಜೋಡಿ ಹಳಿ ಬೇಕಾದಾಗ 2017ರಲ್ಲಿ ಶ್ರೀರಂಗಪಟ್ಟಣದಲ್ಲೇ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು. ಬೇಕೆಂದವರಿಗೆ ಇತಿಹಾಸವೂ ದಾರಿ ಬಿಡುತ್ತದೆ.

ಇನ್ನು ಟೈಲ್ಸ್‌ನ ಹೊಟ್ಟೆಯೊಳಗೆ ಏನಿದೆ? ಜಲ್ಲಿ ಪುಡಿ, ಎಂ-ಸ್ಯಾಂಡು, ಸಿಮೆಂಟು. ಜಲ್ಲಿ ಬರುವುದು ಬೆಟ್ಟದಿಂದ. ನಮ್ಮ ಸೀಮೆಯಲ್ಲಿ ಬೆಟ್ಟ ಎಂದರೆ ಪಾಂಡವಪುರದ ಬೇಬಿ ಬೆಟ್ಟವೇ ಮೊದಲು ನೆನಪಾಗುವುದು. 2018ರ ಸೆಪ್ಟೆಂಬರಿನಲ್ಲಿ ಆ ಕಡೆ ಕೇಳಿದ ಭಾರೀ ಸದ್ದಿಗೆ ಅಣೆಕಟ್ಟೆಯ ಆಸುಪಾಸಿನವರ ಎದೆ ನಡುಗಿತ್ತು. ಬಂಡೆ ಸಿಡಿಸಿದರೆ ಕಟ್ಟೆಗೆ ಪೆಟ್ಟಾಗುತ್ತದೋ ಇಲ್ಲವೋ ತಿಳಿಯಲು ಸರ್ಕಾರ ಹುಡುಕಿದ ಉಪಾಯ ಟ್ರಯಲ್ ಬ್ಲಾಸ್ಟ್. ಹೆಡೆ ಮೆಟ್ಟಿ ನೋಡಿ ಹಾವಿಗೆ ವಿಷವಿದೆಯೇ ಎಂದು ಪತ್ತೆ ಮಾಡಿದ ಹಾಗೆ. 2022ರಲ್ಲಿ ಅದಕ್ಕೆಂದು ವಿಜ್ಞಾನಿಗಳು ಬಂದಾಗ ರೈತರು ವಾಪಸ್ ಹೋಗಿ ಎಂದು ಕೂಗಿದರು. ಕಡೆಗೆ 2024ರ ಜನವರಿಯಲ್ಲಿ ಹೈಕೋರ್ಟು, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ಕೂಡದು ಎಂದಿತು. ಬೆಟ್ಟಕ್ಕೆ ತಡೆ ಬೇಕಾದರೆ ಹೈಕೋರ್ಟಿನ ತನಕ ಹೋಗಬೇಕು. ಅಂಗಳಕ್ಕೆ ತಡೆ ಹಾಕಲು ಖಜಾಂಚಿ ಒಬ್ಬರು ಸಾಕು.

‘ಯಾಕ್ ಸಾಮಿ ತಲೆ ಕೆಡಿಸ್ಕತೀರಿ? ಸನಿವಾರ ರಾತ್ರಿ ಹಾಕ್ಬುಡ್ತೀನಿ, ಸೋಮವಾರಕ್ಕೆ ಅದೇ ಹಳೇದಾಯ್ತದೆ’ ಎನ್ನುತ್ತಾನೆ ಗಾರೆ ಕೆಲಸದವ. ಈ ಸೀಮೆಯ ಆಡಳಿತ ಪೂರ್ತಿ ಅರ್ಥವಾದ ಒಬ್ಬನೇ ಮನುಷ್ಯ.

ಸಂಘದ ಅಧ್ಯಕ್ಷರಲ್ಲಿ ನನ್ನದೊಂದು ಅರಿಕೆ. ಬಣ್ಣದ ಕಲಂ ಹೊಡೆದುಹಾಕಿ, ಆ ಜಾಗದಲ್ಲಿ ಎರಡು ಪ್ರಶ್ನೆ ಬರೆಯಿರಿ: ಈ ಜಲ್ಲಿ ಯಾವ ಬೆಟ್ಟದ್ದು? ಇಲ್ಲಿ ಬಿದ್ದ ಮಳೆ ನೀರು ಎಲ್ಲಿ ಇಂಗುತ್ತದೆ? ಉತ್ತರ ಸರಿಯಿಲ್ಲದಿದ್ದರೆ ನನ್ನ ಅರ್ಜಿ ಹರಿದು ಬಿಸಾಡಿ, ಬೇಸರವಿಲ್ಲ. ಆದರೆ ಅದೇ ನಮೂನೆಯನ್ನು ಬೀದಿಗೆ ಕಾಂಕ್ರೀಟು ಸುರಿಯಲು ಬರುವ ಗುತ್ತಿಗೆದಾರರಿಗೂ ಕೊಡಿ, ಹಾರ ಹಾಕುವ ಮೊದಲು.