ಮೆಕ್ಸಿಕೊ ರಾಯರು

ರಾಯರು ಒಬ್ಬರಲ್ಲ. ಬೆಂಗಳೂರಿನಿಂದ ಆಫೀಸಿನ ಕೆಲಸದ ಮೇಲೆ ಗ್ವಾದಲಹಾರಕ್ಕೆ ಬಂದಿಳಿಯುವ ಡೆಲಿವರಿ ಮ್ಯಾನೇಜರುಗಳೆಲ್ಲ ಸೇರಿ ಒಬ್ಬ ರಾಯರು. ಒಂದು ಸಲ ಮಲ್ಲೇಶ್ವರದಿಂದ ಬರುತ್ತಾರೆ, ಇನ್ನೊಂದು ಸಲ ಕನಕಪುರ ರಸ್ತೆಯಿಂದ. ಒಮ್ಮೆ ತಲೆಯಲ್ಲಿ ಕೂದಲಿರುತ್ತದೆ, ಒಮ್ಮೆ ಇರುವುದಿಲ್ಲ. ಕೊರಳಿನ ಐಡಿ ಕಾರ್ಡು ಮಾತ್ರ ಇದ್ದೇ ಇರುತ್ತದೆ. ಎರಡು ವಿಮಾನ ಬದಲಿಸಿ, ಮೆಕ್ಸಿಕೊ ನಗರದಲ್ಲಿ ಮೂರನೆಯದನ್ನು ಹತ್ತಿ ಬಂದರೂ ಅದನ್ನು ತೆಗೆದಿರುವುದಿಲ್ಲ.

ಅವರು ಇಲ್ಲಿಗೆ ಬರಲು ಕಾರಣ ಸರಳ. ಅಮೆರಿಕದ ಗಿರಾಕಿಗಳಿಗೆ ತಮ್ಮ ಹಗಲಿನಲ್ಲೇ ಎಚ್ಚರವಾಗಿರುವ ಇಂಜಿನಿಯರುಗಳು ಬೇಕು. ಹಲಿಸ್ಕೊ ರಾಜ್ಯದ ಈ ರಾಜಧಾನಿಗೆ ಮೆಕ್ಸಿಕೊದ ಸಿಲಿಕಾನ್ ವ್ಯಾಲಿ ಎಂಬ ಹೆಸರು ಬಿದ್ದು ಬಹಳ ಕಾಲವಾಯಿತು, ಭಾರತದ ಐಟಿ ಕಂಪನಿಗಳೂ ಬಂದು ಅಂಗಡಿ ತೆರೆದಿವೆ. ಅಮೆರಿಕದ ವೀಸಾ ಕೈಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಇಲ್ಲಿ ಸಂಸಾರ ಹೂಡಿರುವ ಕೆಲವೇ ಕನ್ನಡಿಗರಲ್ಲಿ ನಾನೂ ಒಬ್ಬನಾದ್ದರಿಂದ ರಾಯರ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ.

ಹೊರಡುವ ಮೊದಲೇ ರಾಯರಿಗೆ ಮೆಕ್ಸಿಕೊ ಚೆನ್ನಾಗಿ ಗೊತ್ತು: ಅಲ್ಲಿ ಎಲ್ಲರೂ ದೊಡ್ಡ ಟೋಪಿ ಹಾಕುತ್ತಾರೆ, ಎಲ್ಲರೂ ಟಕೀಲಾ ಕುಡಿಯುತ್ತಾರೆ, ಮಧ್ಯಾಹ್ನ ಎಲ್ಲರೂ ಮಲಗುತ್ತಾರೆ. ಈ ಮಲಗುವುದನ್ನು ಕಣ್ಣಾರೆ ಕಾಣಬೇಕೆಂದು ಮೊದಲ ದಿನವೇ ಒಂದು ಗಂಟೆಗೆ ಆಫೀಸಿನಲ್ಲಿ ಒಂದು ಸುತ್ತು ಹಾಕಿದರು. ಯಾರೂ ಮಲಗಿರಲಿಲ್ಲ. ಊಟವೇ ಆಗಿರಲಿಲ್ಲ, ಇನ್ನು ನಿದ್ದೆ ಎಲ್ಲಿಯದು? ಇಲ್ಲಿ ಊಟದ ಹೊತ್ತು ಎರಡರ ಮೇಲೆ, ಮೂರಾದರೂ ಆಶ್ಚರ್ಯವಿಲ್ಲ. ಹನ್ನೆರಡೂವರೆಗೇ ಹೊಟ್ಟೆ ತಾಳ ಹಾಕತೊಡಗಿದ್ದ ರಾಯರು ಹೇಗೋ ತಡೆದುಕೊಂಡು, ಸಿಕ್ಕಿದ್ದನ್ನು ಗಟ್ಟಿಯಾಗಿಯೇ ಉಂಡು, ನಾಲ್ಕು ಗಂಟೆಯ ಮೀಟಿಂಗಿನಲ್ಲಿ ಕೂತರು. ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಐದು ನಿಮಿಷಕ್ಕೆ ಗೊರಕೆ ಕೇಳಿಸಿತು. ಆ ದಿನ ಆ ಕಟ್ಟಡದಲ್ಲಿ ಮಧ್ಯಾಹ್ನ ಮಲಗಿದವರು ಅವರೊಬ್ಬರೇ. ವರ್ಷಕ್ಕೆ ಅತಿ ಹೆಚ್ಚು ಗಂಟೆ ದುಡಿಯುವ ದೇಶಗಳ ಒಇಸಿಡಿ ಪಟ್ಟಿಯಲ್ಲಿ ಮೆಕ್ಸಿಕೊ ವರ್ಷವರ್ಷವೂ ಮೇಲಿನ ಸಾಲಿನಲ್ಲಿರುತ್ತದೆ. ಆದರೆ ರಾತ್ರಿ ಹೆಂಡತಿಗೆ ಹೋದ ವರದಿ ಬೇರೆ: "ಇಲ್ಲಿ ಊಟ ಆದ ತಕ್ಷಣ ನಿದ್ದೆ ಕಣೇ. ಹವಾನೇ ಹಾಗಿದೆ."

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ರಾಯರು ಶುದ್ಧ ಸಸ್ಯಾಹಾರಿ. ಇಲ್ಲಿ ಮಾಂಸ ಬೇಡ ಎಂದರೆ ಅಷ್ಟೇ ಶ್ರದ್ಧೆಯಿಂದ ಕೋಳಿ ತಂದಿಡುತ್ತಾರೆ. ಅದೂ ಬೇಡ ಎಂದರೆ ಪಾಪ ಹುಷಾರಿಲ್ಲವೇನೋ ಎಂದು ಮರುಗುತ್ತಾರೆ. ಕೊನೆಗೆ ರಾಯರಿಗೆ ಒಲಿದದ್ದು ಬೇಯಿಸಿ, ಅರೆದು, ಹುರಿದ ಕಾಳಿನ ಮುದ್ದೆ. "ಆಹಾ, ನಮ್ಮ ಅವರೆಕಾಳು ಗಸಿ ಇದ್ದಂಗೇ ಇದೆ. ಅದೆಂಥದೋ ಒಂದು ಘಮ ಇದೆಯಲ್ರೀ, ನಮ್ಮಲ್ಲಿ ಅದು ಬರಲ್ಲ," ಎಂದು ಎರಡು ಸಲ ಹಾಕಿಸಿಕೊಂಡರು. ಘಮ ಹಂದಿಯ ಕೊಬ್ಬಿನದು. ಇಲ್ಲಿನ ಅಡುಗೆಮನೆಗಳಲ್ಲಿ ಕಾಳನ್ನು ಹುರಿಯುವುದೇ ಬಹುಪಾಲು ಅದರಲ್ಲಿ. ಮೂರನೆಯ ಸಲಕ್ಕೆ ತಟ್ಟೆ ಮುಂದೆ ಮಾಡಿದಾಗ ನಾನು ಹವೆಯ ಬಗ್ಗೆ ಮಾತು ತೆಗೆದೆ.

ರಾಯರ ಸಿದ್ಧಾಂತ ಒಂದೇ: ಎಲ್ಲವೂ ನಮ್ಮದೇ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತಟ್ಟಿ ಮಾಡಿದ ತೋರ್ತಿಯಾ ಅವರಿಗೆ ನಮ್ಮ ಅಕ್ಕಿರೊಟ್ಟಿ. ಸಾಲ್ಸಾ ನಮ್ಮ ಟೊಮೇಟೊ ಗೊಜ್ಜು. ಮಾರುಕಟ್ಟೆಯಲ್ಲಿ ಸೀಬೆ, ಸಪೋಟ, ಪಪ್ಪಾಯಿಯ ರಾಶಿ ಕಂಡಾಗ ಅವರ ಕಣ್ಣು ತುಂಬಿ ಬಂತು: "ನೋಡ್ರೀ, ನಮ್ಮ ಹಣ್ಣು ಎಲ್ಲಿವರೆಗೆ ಬಂದಿವೆ!" ಈ ಹಣ್ಣುಗಳೆಲ್ಲ ಹುಟ್ಟಿದ್ದು ಅಮೆರಿಕ ಖಂಡದ ಈ ನೆಲದಲ್ಲೇ. ನಮ್ಮೂರಿಗೆ ಬಂದದ್ದು ಯುರೋಪಿನವರ ಹಡಗು ಹತ್ತಿ. ಇದನ್ನು ಹೇಳಲು ಬಾಯಿ ತೆರೆದೆ. ರಾಯರು ಅಷ್ಟರಲ್ಲಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದಿದ್ದರು. ಮನೆಯಲ್ಲೇ ಕುಟ್ಟಿಸಿದ ಬ್ಯಾಡಗಿ ಮೆಣಸಿನಪುಡಿ. "ಪರದೇಶದಲ್ಲಿ ಖಾರ ಸಿಗಲ್ಲ ಅಂತ ನಮ್ಮಾಕೆ ಕಟ್ಟಿಕೊಟ್ಟಳು." ಜಗತ್ತಿಗೆ ಮೆಣಸಿನಕಾಯಿ ಕೊಟ್ಟ ದೇಶದಲ್ಲಿ, ಒಣಮೆಣಸಿನಕಾಯಿಯನ್ನು ಮೂಟೆಗಟ್ಟಲೆ ಸುರಿದುಕೊಂಡ ಅಂಗಡಿಯ ಮುಂದೆಯೇ ನಿಂತು, ಅವರು ಅದನ್ನು ಸೀಬೆಹೋಳಿನ ಮೇಲೆ ಉದುರಿಸಿಕೊಂಡರು. ಅಂಗಡಿಯಾಕೆಗೂ ಒಂದು ಚಿಟಿಕೆ ಕೊಟ್ಟರು. ಆಕೆ ನೆಕ್ಕಿ ನೋಡಿ, ಬಣ್ಣ ಚೆನ್ನಾಗಿದೆ ಎಂದಳು.

ಪಕ್ಕದ ಗಾಡಿಯಲ್ಲಿ ಮಾವಿನಹೋಳಿಗೆ ಉಪ್ಪು, ಖಾರ, ನಿಂಬೆರಸ ಹಾಕಿ ಮಾರುತ್ತಿದ್ದರು. ಈಗಂತೂ ರಾಯರು ಹಿಗ್ಗುತ್ತಾರೆ ಎಂದುಕೊಂಡೆ. ಒಂದು ಹೋಳು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದರು. "ಇದು ಮೆಕ್ಸಿಕೊ ಹಣ್ಣು ಕಣ್ರೀ, ತಿಂದರೇ ಗೊತ್ತಾಗುತ್ತೆ. ನಮ್ಮ ಬಾದಾಮಿ ಹಣ್ಣಿಗೂ ಇದಕ್ಕೂ ಸಂಬಂಧಾನೇ ಇಲ್ಲ." 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಓಡಾಡಿದ ಸ್ಪೇನಿನ ಹಡಗುಗಳಲ್ಲಿ ಏಷ್ಯಾದಿಂದ ಬಂದ ಮಾವು ಅದು. ಇಡೀ ಮಾರುಕಟ್ಟೆಯಲ್ಲಿ ನಮ್ಮ ಕಡೆಯದು ಎನ್ನಬಹುದಾದ ಹಣ್ಣು ಅದೊಂದೇ ಇತ್ತೇನೋ. ಅದನ್ನೇ ಒಲ್ಲೆ ಎಂದರು.

ಇಲ್ಲಿ ಹೆಂಗಸರು ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರ ಹೇಳುವುದು ವಾಡಿಕೆ. ಮೊದಲ ದಿನ ಎಚ್‌ಆರ್ ಮುಖ್ಯಸ್ಥೆ ಹಾಗೆ ಮುಂದೆ ಬಂದಾಗ ರಾಯರು ಹಿಂದೆ ಸರಿಯುತ್ತ ಸರಿಯುತ್ತ ಜೆರಾಕ್ಸ್ ಮೆಷಿನ್ನಿಗೆ ಆತುಕೊಂಡರು. ಅದು ಅವರ ಬೆನ್ನಿನ ಪ್ರತಿ ತೆಗೆಯಿತು. ಎರಡನೆಯ ವಾರದ ಹೊತ್ತಿಗೆ ಲಿಫ್ಟಿನ ಬಾಗಿಲಲ್ಲಿ ತಾವೇ ಮೊದಲಾಗಿ ಕೆನ್ನೆ ಚಾಚಿ ನಿಲ್ಲುತ್ತಿದ್ದರು. ಈ ಒಂದು ಪದ್ಧತಿಯನ್ನು ಮಾತ್ರ ಅವರು ನಮ್ಮದೇ ಎನ್ನಲಿಲ್ಲ. ಹೆಂಡತಿಗೆ ವರದಿಯನ್ನೂ ಕಳಿಸಲಿಲ್ಲ.

ಮರಿಯಾಚಿ ಸಂಗೀತ ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ಪಿಟೀಲು, ಟ್ರಂಪೆಟ್, ಮಗುವಿನಷ್ಟು ದಪ್ಪನೆಯ ಗಿಟಾರು ಹಿಡಿದು, ಬೆಳ್ಳಿ ಗುಂಡಿಯ ಕೋಟು ತೊಟ್ಟವರು ಹೋಟೆಲಿನಲ್ಲಿ ಮೇಜಿನ ಬಳಿಗೇ ಬಂದು ಹಾಡುತ್ತಾರೆ. ದೊಡ್ಡ ಟೋಪಿ ಕಂಡು ರಾಯರಿಗೆ ಜನ್ಮ ಸಾರ್ಥಕವಾಯಿತು. ಹಾಡು ಮುಗಿದದ್ದೇ ಕಂಪನಿ ನಾಟಕದ ಹಳೇ ಪ್ರೇಕ್ಷಕರ ಗತ್ತಿನಲ್ಲಿ "ಒನ್ಸ್ ಮೋರ್!" ಎಂದು ಕೂಗಿದರು. ಹಾಡಿದರು. ಮತ್ತೆ ಕೂಗಿದರು. ಮತ್ತೆ ಹಾಡಿದರು. ದುಡ್ಡು ಹಾಡಿಗಿಷ್ಟು ಎಂಬ ಲೆಕ್ಕ ಎಂದು ನಾನು ಕಿವಿಯಲ್ಲಿ ಹೇಳುವಷ್ಟರಲ್ಲಿ ಆರು ಹಾಡಾಗಿತ್ತು. ಆ ಮೊತ್ತ ಎಕ್ಸ್‌ಪೆನ್ಸ್ ರಿಪೋರ್ಟಿನಲ್ಲಿ ಯಾವ ಹೆಸರಿನಲ್ಲಿ ಕೂತಿತೋ ನಾನು ಕೇಳಲಿಲ್ಲ. ಚಿತ್ರಕಾರ ಒರೊಸ್ಕೊ 1930ರ ದಶಕದಲ್ಲಿ ಇಲ್ಲಿನ ಹಳೆಯ ಅನಾಥಾಲಯವಾದ ಕಬಾನ್ಯಾಸ್‌ನ ಗುಮ್ಮಟದಲ್ಲಿ ಬರೆದ ಉರಿಯುವ ಮನುಷ್ಯನನ್ನು ತೋರಿಸಿದಾಗ, ಚಿತ್ರವನ್ನೂ ತಮ್ಮ ಮುಖವನ್ನೂ ಒಂದೇ ಸೆಲ್ಫಿಯಲ್ಲಿ ಹಿಡಿಯಲು ನೆಲದ ಮೇಲೆ ಅಂಗಾತ ಮಲಗಿದರು. ನೋಡಿದ್ದು ಅಷ್ಟೇ.

ಆದರೂ ರಾಯರನ್ನು ಪೂರ್ತಿ ಗೇಲಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ನವೆಂಬರ್ ಮೊದಲೆರಡು ದಿನ ಇಲ್ಲಿ ತೀರಿಕೊಂಡವರ ಹಬ್ಬ. ಆಫೀಸಿನ ಬಾಗಿಲಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಮಣೆ ಜೋಡಿಸಿ, ಹಿರಿಯರ ಫೋಟೊ, ಅವರು ಇಷ್ಟಪಡುತ್ತಿದ್ದ ತಿಂಡಿ, ಮೇಣದಬತ್ತಿ, ರಾಶಿರಾಶಿ ಚೆಂಡುಹೂವು ಇಟ್ಟಿದ್ದರು. "ಪಿತೃಪಕ್ಷ! ನಮ್ಮವರೇ ಬಂದು ಕಲಿಸಿರಬೇಕು. ಚೆಂಡುಹೂವು ನೋಡಿ ಬೇಕಾದರೆ," ಎಂದರು ರಾಯರು. ಚೆಂಡುಹೂವಿನ ತವರೂ ಮೆಕ್ಸಿಕೊ. ನಮ್ಮ ಆಯುಧಪೂಜೆಗೆ ಅದು ಇಲ್ಲಿಂದಲೇ ಬಂದದ್ದು. ಆದರೆ ರಾಯರು ಅಷ್ಟಕ್ಕೇ ನಿಲ್ಲಲಿಲ್ಲ. ಬೂಟು ಬಿಚ್ಚಿಟ್ಟು, ಗುರುತಿಲ್ಲದ ಯಾರದೋ ಅಜ್ಜಿಯ ಪಟಕ್ಕೆ ಕೈಮುಗಿದು ನಿಂತರು. ರಿಸೆಪ್ಷನಿನ ಹುಡುಗಿಯ ಅಜ್ಜಿಯಂತೆ ಅದು. ಹುಡುಗಿ ಎದ್ದು ಬಂದು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಈ ಊರಿನಲ್ಲಿ ಇಷ್ಟು ವರ್ಷದಿಂದ ಇದ್ದೂ ನಾನು ಬೂಟು ಬಿಚ್ಚಿರಲಿಲ್ಲ.

ಊರಿಗೆ ಮರಳಿದ ರಾಯರು ಮೆಕ್ಸಿಕೊ ತಜ್ಞರು. ಅಕ್ಟೇವಿಯೊ ಪಾಜ್ 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ, 1990ರಲ್ಲಿ ನೊಬೆಲ್ ಪಡೆದವನು. ಭಾರತದ ಬಗ್ಗೆ ಪುಸ್ತಕ ಬರೆಯಲು 1995ರವರೆಗೆ ಕಾದ. ಬರೆದಾಗಲೂ ಇವೆಲ್ಲ ಬರೀ ಇಣುಕುನೋಟಗಳು ಎಂದು ಹೆಸರಿನಲ್ಲೇ ತಗ್ಗಿ ನಡೆದ. ರಾಯರಿಗೆ ಆ ಸಂಕೋಚವಿಲ್ಲ. ಬಂದ ಸೋಮವಾರವೇ ನಲವತ್ತು ಸ್ಲೈಡುಗಳ ಪ್ರೆಸೆಂಟೇಷನ್, 'ಮೆಕ್ಸಿಕನ್ನರ ಮನಸ್ಸು' ಅಂತ. ಹತ್ತನೆಯ ಸ್ಲೈಡಿನಲ್ಲಿ ಮಧ್ಯಾಹ್ನದ ನಿದ್ದೆ.

ಮೊನ್ನೆ ಇಲ್ಲಿನ ಟೀಮ್ ಲೀಡ್ ಒಬ್ಬನನ್ನು ಬೆಂಗಳೂರಿಗೆ ಕಳಿಸಿದ್ದರು. ರಾಯರೇ ಮನೆಗೆ ಕರೆದು ಊಟ ಹಾಕಿ, ಕೆ.ಆರ್. ಮಾರ್ಕೆಟ್ ಸುತ್ತಿಸಿದರಂತೆ. ಆ ರಾತ್ರಿ ನನಗೆ ಫೋನು ಬಂತು. ದನಿ ನಡುಗುತ್ತಿತ್ತು.

"ಏನ್ರೀ ನಿಮ್ಮ ಹುಡುಗ! ಮೆಣಸಿನಕಾಯಿ ಕಂಡರೆ ನಮ್ಮದು ಅಂತಾನೆ. ಸೀಬೆಹಣ್ಣು ನಮ್ಮದು ಅಂತಾನೆ. ಟೊಮೇಟೊ, ಚೆಂಡುಹೂವು, ಸುಟ್ಟ ಜೋಳ, ಎಲ್ಲಾ ಅವರದೇ ಅಂತೆ."

"ಅದು... ರಾಯರೇ..." ಎಂದೆ.

"ತಡೀರಿ, ಇನ್ನೂ ಇದೆ. ಕೊನೇಗೆ ಬಾದಾಮಿ ಹಣ್ಣು ಹೆಚ್ಚಿಕೊಟ್ಟೆ. ಅದೂ ಅವರದಂತೆ! ಬಂದು ಒಂದು ವಾರ ಆಗಿಲ್ಲ ಕಣ್ರೀ, ಇಡೀ ದೇಶ ತಿಳಿದವನ ಹಾಗೆ ಮಾತಾಡ್ತಾನೆ. ಎಂಥ ಜನ ಇರ್ತಾರೆ ನೋಡಿ!"