ಕಾಳನ ವಿದ್ಯಾಭ್ಯಾಸ

ನಾಯಿ ಸಾಕಿದ ಮನೆಗೆ ಬರುವ ನೆಂಟರು ಗೇಟಿನ ಆಚೆಯೇ ನಿಂತು ಮೊದಲು ಕೇಳುವುದು "ಕಚ್ಚತ್ತಾ?" ಎಂದು. ಒಳಗೆ ಬಂದು, ಕಾಫಿ ಕುಡಿದು, ಸ್ವಲ್ಪ ಧೈರ್ಯ ಬಂದ ಮೇಲೆ ಕೇಳುವುದು "ಶೇಕ್ ಹ್ಯಾಂಡ್ ಕೊಡತ್ತಾ?" ಎಂದು. ನಾಯಿಯ ಶಿಕ್ಷಣವೆಲ್ಲ ಈ ಎರಡು ಪ್ರಶ್ನೆಗಳ ನಡುವೆಯೇ ಇದೆ. ಕಚ್ಚದಿರುವುದು ಒಂದನೇ ಕ್ಲಾಸು, ಶೇಕ್ ಹ್ಯಾಂಡು ಡಿಗ್ರಿ. ನಡುವೆ ‘ಕೂತ್ಕೋ’, ‘ತಡಿ’, ‘ಬಾ’, ‘ಬಿಡು’ ಎಂಬ ತರಗತಿಗಳು. ನಮ್ಮ ಕಾಳ ನೇರವಾಗಿ ಡಿಗ್ರಿ ಪಡೆದವನು. ‘ಬಿಡು’ ಮಾತ್ರ ಇನ್ನೂ ಪಾಸಾಗಿಲ್ಲ ಎಂಬುದಕ್ಕೆ ಅಪ್ಪನ ಚಪ್ಪಲಿಗಳೇ ಸಾಕ್ಷಿ.

ನಿಜ ಹೇಳಬೇಕೆಂದರೆ, ನೋಡಿದವರು ಬೆರಗಾಗುವ ಈ ಶೇಕ್ ಹ್ಯಾಂಡೇ ಎಲ್ಲಕ್ಕಿಂತ ಸುಲಭ. ಮುಷ್ಟಿಯೊಳಗೆ ಕ್ಯಾರೆಟ್ ಚೂರೊಂದನ್ನು ಮುಚ್ಚಿಕೊಂಡು ನಾಯಿಯ ಎದೆಮಟ್ಟಕ್ಕೆ ಹಿಡಿಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಕೊನೆಗೆ ಬೇಸತ್ತು ಮುಂಗಾಲಿನಿಂದ ಕೆರೆಯುತ್ತದೆ. ಕೆರೆದ ತಕ್ಷಣ ಮುಷ್ಟಿ ಬಿಚ್ಚಿ. ಕೆಲವು ದಿನ ಹೀಗೆ ಮಾಡಿದರೆ ಬರಿಗೈ ಚಾಚಿದರೂ ಕಾಲು ಬರುತ್ತದೆ. ನೆಂಟರು ಅದನ್ನು ಸೌಜನ್ಯ ಅಂದುಕೊಳ್ಳುತ್ತಾರೆ; ಕಾಳನ ಲೆಕ್ಕದಲ್ಲಿ ಅದು ವಸೂಲಿ. ಕೂರಿಸುವುದಕ್ಕೂ ಬಲಪ್ರಯೋಗ ಬೇಕಿಲ್ಲ. ತಿಂಡಿಯನ್ನು ಮೂಗಿನ ಹತ್ತಿರದಿಂದ ನೆತ್ತಿಯ ಹಿಂದಕ್ಕೆ ನಿಧಾನವಾಗಿ ಒಯ್ದರೆ ಮೂತಿ ಮೇಲೇರುತ್ತದೆ, ಹಿಂಭಾಗ ತಾನಾಗಿ ನೆಲಕ್ಕಿಳಿಯುತ್ತದೆ.

ಗುಟ್ಟಿರುವುದು ಹೊತ್ತಿನಲ್ಲಿ. ಕೂತ ಕ್ಷಣಕ್ಕೇ ತಿಂಡಿ ಬಾಯಿಗೆ ಬೀಳಬೇಕು. ಡಬ್ಬಿ ಹುಡುಕಿ, ಮುಚ್ಚಳ ತೆಗೆದು, "ಅಯ್ಯೋ ನನ್ನ ಜಾಣಮರಿ" ಎಂದು ಮುದ್ದಿಸುವಷ್ಟರಲ್ಲಿ ನಾಯಿ ಎದ್ದು ನಿಂತಿರುತ್ತದೆ; ಎದ್ದು ನಿಂತದ್ದಕ್ಕೇ ಸಂಬಳ ಬಂತೆಂದು ತಿಳಿಯುತ್ತದೆ. ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲೇ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಉಪಾಯ ಬರೆದಿದ್ದರು. ಒತ್ತಿದರೆ ಟಿಕ್ಕೆನ್ನುವ ಮಕ್ಕಳ ಆಟಿಕೆಯೊಂದು ಕೈಯಲ್ಲಿರಲಿ. ಟಿಕ್ ಅಂದರೆ ತಿಂಡಿ ಖಾತ್ರಿ ಎಂದು ಮೊದಲು ನಾಯಿಯನ್ನು ನಂಬಿಸಿ; ಆಮೇಲೆ ನಿಮಗೆ ಬೇಕಾದ್ದನ್ನು ಅದು ಮಾಡಿದ ಕ್ಷಣಕ್ಕೆ ಟಿಕ್ ಅನ್ನಿಸಿ. ಈಗ ಅಂಗಡಿಗಳಲ್ಲಿ ಕ್ಲಿಕ್ಕರ್ ಎಂದು ಸಿಗುವ ವಸ್ತುವಿನ ತತ್ವ ಇಷ್ಟೇ. ನಮ್ಮ ಮನೆಗೂ ಒಂದು ಬಂತು. ಮಗಳು ಓದುವಾಗ ಬೇಸರ ಕಳೆಯಲು ಅದನ್ನು ಟಿಕ್ ಟಿಕ್ ಅನ್ನಿಸುತ್ತಾ ಕೂತಳು. ಸದ್ದು ಬರುತ್ತದೆ, ತಿಂಡಿ ಬರುವುದಿಲ್ಲ. ಪರೀಕ್ಷೆ ಮುಗಿಯುವಷ್ಟರಲ್ಲಿ ಕಾಳನ ಮಟ್ಟಿಗೆ ಅದು ಚಲಾವಣೆ ನಿಂತ ನೋಟಾಗಿತ್ತು.

ಪ್ರಾಣಿಗೆ ಪಾಠ ಹೇಳುವ ವಿದ್ಯೆ ನಮಗೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಬಣ್ಣದ ಜೂಲು ಹೊದ್ದು, ಕೊಂಬಿಗೆ ಕುಚ್ಚು ಕಟ್ಟಿಕೊಂಡು ಕೋಲೆಬಸವ ಮನೆ ಮುಂದೆ ಬರುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. "ಈ ಮನೆ ಅಮ್ಮಾವ್ರು ಹಳೇ ಸೀರೆ ಕೊಡ್ತಾರಾ ಬಸವಾ?" ಎಂದರೆ ಅದು ಗೋಣಾಡಿಸುತ್ತಿತ್ತು, ಇಲ್ಲವೆನ್ನಲು ಯಾವ ಅಮ್ಮಾವ್ರಿಗೂ ಬಾಯಿ ಬರುತ್ತಿರಲಿಲ್ಲ. ಆದರೆ ಆ ಬಸವನಿಗೆ ಒಬ್ಬನೇ ಒಡೆಯ. ಊರೂರು ಸುತ್ತುತ್ತಾ ಹಗಲೆಲ್ಲ ಅವನದೇ ದನಿ, ಅವನದೇ ಕೈ. ಪೊಲೀಸ್ ಶ್ವಾನದಳದಲ್ಲೂ ನಾಯಿಯ ಹೊಣೆ ಅದರ ಹ್ಯಾಂಡ್ಲರನದು. ಠಾಣೆಯವರೆಲ್ಲ ಸೇರಿ ಪಾಠ ಹೇಳುವುದಿಲ್ಲ.

ನಮ್ಮಲ್ಲಿ ನನ್ನನ್ನು ಬಿಟ್ಟು ನಾಲ್ವರು ಮೇಷ್ಟ್ರು. ಮಗಳು "ಸಿಟ್" ಅನ್ನುತ್ತಾಳೆ. ಅಪ್ಪ "ಏಯ್, ಕೂತ್ಕೊಳೋ ಸುಮ್ನೆ" ಅನ್ನುತ್ತಾರೆ. ಅಮ್ಮ "ಕೂತ್ಕೋ ಮರಿ, ಎಷ್ಟೊತ್ತೂಂತ ನಿಂತಿರ್ತೀಯ, ಕಾಲು ನೋಯಲ್ವಾ?" ಎಂದು ವಿಚಾರಿಸುತ್ತಾರೆ. ನನ್ನ ಹೆಂಡತಿ ಏನೂ ಅನ್ನುವುದಿಲ್ಲ. ಸೌಟು ಹಿಡಿದು ಒಮ್ಮೆ ನೋಡುತ್ತಾಳೆ. ಕಾಳ ತಕ್ಷಣ ಕೂರುವುದು ಈ ಕೊನೆಯದಕ್ಕೆ. ನಾಯಿಗಳು ಮಾತಿಗಿಂತ ಮೊದಲು ಮೈಯನ್ನು ಓದುತ್ತವೆ. ಮೊದಲು ಕೈಸನ್ನೆ ಕಲಿಸಿ, ಮಾತು ಆಮೇಲೆ ಸೇರಿಸಿ ಎಂದು ಬಲ್ಲವರು ಹೇಳುವುದು ಅದಕ್ಕೇ. ಸೌಟೂ ಒಂದು ಸನ್ನೆಯೇ ತಾನೆ?

ಆದರೂ ಕಾಳನಿಗೆ ಅತ್ಯುತ್ತಮವಾಗಿ ಪಾಠ ಹೇಳಿದವರು ಅಮ್ಮ, ಅದೂ ತಮಗೇ ಗೊತ್ತಿಲ್ಲದೆ. ಅವರು ಈಳಿಗೆ ಮಣೆಯ ಮುಂದೆ ಕೂತು ಕಾಯಿ ತುರಿಯಲು ಶುರುಮಾಡಿದರೆ ಸಾಕು, ಎಲ್ಲಿದ್ದರೂ ಕಾಳ ಬಂದು ಎದುರಿಗೆ ಕೂರುತ್ತಾನೆ. ಕುಂಯ್ ಎನ್ನುವುದಿಲ್ಲ, ಕದಲುವುದಿಲ್ಲ. ದುಡ್ಡು ತೆಗೆದುಕೊಂಡು ಕಲಿಸುವವರೂ ಮೆಚ್ಚಬೇಕಾದ ಭಂಗಿ. ಅಮ್ಮ ಒಮ್ಮೆ ಒಂದು ಚೂರು ಎಸೆಯುತ್ತಾರೆ. ಮತ್ತೆ ಎರಡು ದಿನ ಮರೆಯುತ್ತಾರೆ. ಇನ್ನೊಂದು ದಿನ ಎರಡು ಚೂರು ಬೀಳುತ್ತದೆ. ಸ್ಕಿನ್ನರ್ ತಮ್ಮ ಇಲಿ, ಪಾರಿವಾಳಗಳಲ್ಲಿ ಕಂಡುಕೊಂಡದ್ದು ಇದನ್ನೇ. ಪ್ರತಿಸಲವೂ ಸಿಗುವ ಬಹುಮಾನ ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂಬ ಬಹುಮಾನಕ್ಕಾದರೆ ಬಹುಕಾಲ ಪಟ್ಟುಹಿಡಿಯುತ್ತದೆ. ಅಮ್ಮ ನಾಯಿಯನ್ನು ಕೆಡಿಸಿಟ್ಟರು ಎಂದು ಅಪ್ಪನ ದೂರು. ಶಾಸ್ತ್ರ ಮಾತ್ರ ಅಮ್ಮನ ಪರ. ಅವರಿಗೆ ನಾವು ಹಾಕಿರುವ ಕಟ್ಟಳೆ ಎರಡೇ: ಪಾಯಸದ ದ್ರಾಕ್ಷಿ ಕೂಡದು, ಈರುಳ್ಳಿ ಕೂಡದು, ಎರಡೂ ನಾಯಿಗೆ ವಿಷ. "ಈರುಳ್ಳಿ ತಿನ್ನಲ್ವಂತೆ! ನಮ್ಮತ್ತೆ ಮಡಿಗಿಂತ ಜೋರಾಯ್ತಲ್ಲ ಇವನದು" ಎಂದು ಅಮ್ಮ ಒಪ್ಪಿಕೊಂಡರು.

ನಾವು ಪಾಠವೆಂದು ಕರೆಯುವುದು ದಿನಕ್ಕೆ ಐದು ನಿಮಿಷ. ಉಳಿದ ಹೊತ್ತೂ ನಾಯಿ ಕಲಿಯುತ್ತಲೇ ಇರುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್ ಅವರ ನಾಯಿಗಳು ಊಟದ ಸುಳಿವಿಗೇ ಜೊಲ್ಲು ಸುರಿಸತೊಡಗಿದಾಗ, ಅವುಗಳಿಗೆ ಅದನ್ನು ಯಾರೂ ಕಲಿಸಲು ಹೋಗಿರಲಿಲ್ಲ. ಎದುರುಮನೆ ರಾಯರು ತಮ್ಮ ನಾಯಿಯನ್ನು ಬೀದಿಯಿಂದ "ಬಾ, ಬಾ" ಎಂದು ಕೂಗುತ್ತಾರೆ. ಅದು ಆಟ ಮುಗಿಸಿ ಬಂದ ಮೇಲೆ ತಡವಾಯಿತೆಂದು ಬೈಯುತ್ತಾರೆ. ರಾಯರ ಮನಸ್ಸಿನಲ್ಲಿ ಬೈದದ್ದು ತಡಮಾಡಿದ್ದಕ್ಕೆ. ನಾಯಿಗೆ ಅರ್ಥವಾದದ್ದು, ಬಂದದ್ದಕ್ಕೆ ಬೈಗುಳ ಎಂದು. ಈಗ ಅವರು ಕೂಗಿದರೆ ಅದು ಇನ್ನೂ ಎರಡು ಬೀದಿ ಆಚೆ ಹೋಗುತ್ತದೆ. ಪಾಠ ಚೆನ್ನಾಗಿಯೇ ತಲೆಗೆ ಹತ್ತಿದೆ.

ಎಲ್ಲ ನಾಯಿಗೂ ಒಂದೇ ಪಠ್ಯ ಸಲ್ಲದು. ಬಾಗಲಕೋಟೆ ಕಡೆಯ ಗೆಳೆಯರ ಮನೆಯಲ್ಲಿ ಮುಧೋಳ ನಾಯಿಯಿದೆ. ಕರೆದರೆ ಬರುವುದಿಲ್ಲ, ದೂರದಲ್ಲಿ ನಿಂತು ನಮ್ಮ ಕೋರಿಕೆಯನ್ನು ಪರಿಶೀಲಿಸುತ್ತದೆ. ಗೆಳೆಯರಿಗೆ ಬೇಸರವಿಲ್ಲ: "ಇದು ಕಿವೀಲೆ ಕೇಳೂ ನಾಯಿ ಅಲ್ರೀ, ಕಣ್ಣೀಲೆ ನೋಡೂ ನಾಯಿ." ಮಾತು ಸರಿಯೇ. ದೂರದ ಮೊಲವನ್ನು ಕಣ್ಣಿನಿಂದಲೇ ಹಿಡಿದು ಅಟ್ಟಲು ಬೆಳೆಸಿದ ತಳಿ ಅದು. ಓಟದ ನಡುವೆ ಒಡೆಯನ ಅಪ್ಪಣೆ ಕೇಳಲು ಪುರುಸೊತ್ತೆಲ್ಲಿ? 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗೆಂದು ಮೀರತ್ತಿಗೆ ಹೋದಾಗ, ಗೆಳೆಯರು ಹೆಮ್ಮೆಪಟ್ಟರು. ಸೇನೆಯ ಬಗ್ಗೆ ಮರುಕವನ್ನೂ ಪಟ್ಟರು.

ಹಾಗೆ ನೋಡಿದರೆ ಕನ್ನಡನಾಡಿನ ಅತ್ಯಂತ ಹೆಸರಾದ ನಾಯಿ ಯಾರಿಗೂ ಶೇಕ್ ಹ್ಯಾಂಡ್ ಕೊಟ್ಟಿರಲಾರದು. ಮದ್ದೂರೆಂದರೆ ನಮಗೆ ವಡೆಯ ನೆನಪು; ಅದೇ ತಾಲ್ಲೂಕಿನ ಆತಕೂರಿನಲ್ಲಿ 10ನೆಯ ಶತಮಾನದ ಶಾಸನವೊಂದು ಸಿಕ್ಕಿತು. ಅದರ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಅವನ ದೊರೆ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಹೆಸರಿನಿಂದ ಹೆಚ್ಚುಕಡಿಮೆ ನಮ್ಮ ಕಾಳನ ಹಿರಿಯರು. ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅದರ ಅರ್ಚಕನಾದ ಗೊರವ ಊಟಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಟ್ಟೆಯ ಮುಂದೆ ‘ತಡಿ’ ಎಂದರೆ ತಡೆಯುವುದು ವಿಧೇಯತೆಯ ಪಾಠಗಳಲ್ಲೆಲ್ಲ ಕಠಿಣವಾದದ್ದು. ಆತಕೂರಿನ ನಾಯಿ ಅದನ್ನು ಮನುಷ್ಯನಿಗೇ ಕಲಿಸಿತು, ಒಂದು ಚೂರು ತಿಂಡಿಯೂ ಕೊಡದೆ.

ಅಪ್ಪನಿಗೆ ಈ ಕಥೆ ಬಹಳ ಹಿಡಿಸಿತು. "ನಮ್ಮ ಅಡುಗೆಮನೇಲೂ ಹೀಗೊಂದು ಶಾಸನ ಹಾಕಿಸಬೇಕು ಕಣೋ" ಎಂದರು. ಕಾಳನಿಗೋ ಅಮ್ಮನಿಗೋ ಎಂದು ಕೇಳಿದೆ.

"ಕಾಳನಿಗೆ ಓದಕ್ಕೆ ಬರಲ್ವಲ್ಲ" ಎಂದರು.